ಎಡಗೈಯಲ್ಲಿ ಸದ್ದು ಮಾಡದ ಕಾಯಿ

“ಎಡಗೈ ಎತ್ತಿ ಯಜಮಾನ್ರೇ” ಎಂದೆ.

“ಎತ್ತಿದ್ದೀನಲ್ಲವ್ವ, ಕಾಣಕಿಲ್ವಾ?” ಎಂದರು.

ಕೈ ಎತ್ತಿರಲಿಲ್ಲ. ಅದು ಮಂಚದ ಅಂಚಿನಿಂದ ಜಾರಿ, ಬೆರಳುಗಳನ್ನು ನೆಲಕ್ಕೆ ಚಾಚಿಕೊಂಡು ಜೋತುಬಿದ್ದಿತ್ತು. ನಾನು ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದೆ. ಸುಳ್ಳು ಹೇಳುವವರ ಕಣ್ಣಲ್ಲಿ ಒಂದು ಅಳುಕು ಇರುತ್ತದೆ. ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆ ಐದು ವರ್ಷ ಎದುರಾಳಿಗಳ ಕಣ್ಣು ಓದಿದವಳು ನಾನು. ಇವರ ಕಣ್ಣಲ್ಲಿ ಅದಿರಲಿಲ್ಲ. ಇದ್ದದ್ದು ಒಂಚೂರು ಬೇಸರ. ಇಷ್ಟು ಸಣ್ಣ ವಿಷಯಕ್ಕೆ ಈ ಹುಡುಗಿ ತಿಪಟೂರಿನಿಂದ ಸ್ಕೂಟರ್ ಹಾಕಿಕೊಂಡು ಬಂದಳಲ್ಲ ಎಂಬ ಬೇಸರ.

ನಾನು ತಿಪಟೂರಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ವಾರಕ್ಕೆ ಮೂರು ದಿನ ಸುತ್ತಲಿನ ಊರುಗಳಿಗೆ ಹೋಗಿ, ಬರಲಾಗದವರಿಗೆ ಮನೆಯಲ್ಲೇ ವ್ಯಾಯಾಮ ಹೇಳಿಕೊಡಬೇಕು. ಬಿಳಿಗೆರೆ ಪಕ್ಕದ ಈ ಮನೆಯ ಯಜಮಾನರು ಕೊಬ್ಬರಿ ಸುಲಿಯುವ ಎಂಟು ಜನರ ತಂಡಕ್ಕೆ ಮೇಸ್ತ್ರಿ. ವಯಸ್ಸು ಐವತ್ತನಾಲ್ಕು. ಎರಡು ವಾರದ ಹಿಂದೆ ಲಕ್ವ ಹೊಡೆದು, ಮಿದುಳಿನ ಬಲಭಾಗಕ್ಕೆ ರಕ್ತ ಹರಿಯುವುದು ನಿಂತು, ಎಡಗೈ ಪೂರ್ತಿ ಬಿದ್ದುಹೋಗಿತ್ತು. ಎಡಗಾಲಿನ ಬಲ ಅರ್ಧದಷ್ಟಿತ್ತು. ಮಾತು, ನೆನಪು, ತಮಾಷೆ ಎಲ್ಲ ಮೊದಲಿನಂತೆಯೇ.

ಕೈ ಹಾಗೆ ಜೋತಾಡುತ್ತಿದ್ದರೆ ಭುಜದ ಕೀಲು ಜಾರುತ್ತದೆ. ಅದಕ್ಕೇ ಮೊದಲ ಪಾಠ: ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದು, ಎತ್ತಿ, ತೊಡೆಯ ಮೇಲೆ ಇಟ್ಟುಕೊಳ್ಳುವುದು. ಇದನ್ನು ತಾನಾಗಿ ಮಾಡುವುದು ರೂಢಿಯಾದರೆ ಅರ್ಧ ಅಪಾಯ ಕಳೆದ ಹಾಗೆ. ತೋರಿಸಿಕೊಟ್ಟೆ.

“ಅದರ ಪಾಡಿಗೆ ಅದೈತೆ. ಕೂಸಾ ಅದು, ಎತ್ತಿ ತೊಡೆ ಮೇಲೆ ಕೂರಿಸ್ಕಳಕ್ಕೆ?” ಎಂದು ನಕ್ಕರು.

ಅವರ ಹೆಂಡತಿ ಬಂದು ಕೈಯನ್ನು ಎತ್ತಿ ತೊಡೆಯ ಮೇಲಿಟ್ಟರು. ಆಮೇಲೆ ಹೊರಗೆ ಬಂದು ನನ್ನ ಮುಂದೆ ನಿಂತರು. “ಕೈ ಬಂದ್ರೆ ಬರ್ಲಿ, ಬರ್ದಿದ್ರೆ ಹೋಗ್ಲಿ ಕಣವ್ವ. ಇವರು ಎದ್ದು ಹೋಗ್ದಂಗೆ ಏನಾರ ಮಾಡು. ಕಣ್ ತಪ್ಪಿಸಿದ್ರೆ ಏಣಿ ಹತ್ತಕ್ಕೆ ಹೊಂಟ್‌ಬುಡ್ತಾರೆ.”

ಏಣಿ ಎಲ್ಲಿದೆ ಎಂದು ಕೇಳಿದೆ. ಕೈ ತೋರಿಸಿದರು. ಓಣಿಯ ಆಚೆ, ಜಗುಲಿಯಿಂದ ನೂರು ಹೆಜ್ಜೆಗೆ, ತೋಟದ ಮನೆಯೊಂದರ ಕೊಬ್ಬರಿ ಅಟ್ಟ. ಹತ್ತು ತಿಂಗಳಿಂದ ಅಲ್ಲಿ ಮಟ್ಟೆ ಸಮೇತ ಪೇರಿಸಿಟ್ಟ ಕಾಯಿ ಒಣಗುತ್ತಿತ್ತು. ಒಳಗಿನ ನೀರು ಬತ್ತಿ, ಕೊಬ್ಬರಿ ಕರಟ ಬಿಟ್ಟು ಗುಂಡಗೆ ಕಳಚಿಕೊಂಡ ಮೇಲೆ ಅಟ್ಟ ಇಳಿಸಿ ಸುಲಿಯಬೇಕು. ದಿನ ಗೊತ್ತಾಗಿತ್ತು, ಇನ್ನು ಮೂರು ವಾರಕ್ಕೆ, ಒಂದು ಸೋಮವಾರ. ಮೊದಲು ಅಟ್ಟ ಹತ್ತುವವರು ಯಾವಾಗಲೂ ಮೇಸ್ತ್ರಿಯೇ. ನಾಲ್ಕು ಮೂಲೆಯಿಂದ ನಾಲ್ಕು ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, “ಆಗೈತೆ” ಎನ್ನುವವರೆಗೆ ತಂಡದಲ್ಲಿ ಯಾರೂ ಕಾಯಿಗೆ ಕೈ ಹಚ್ಚುವಂತಿಲ್ಲ.

ಹದಿನಾಲ್ಕು ಮೆಟ್ಟಿಲ ಏಣಿ. ಎಡಗೈ ಇಲ್ಲ, ಎಡಗಾಲು ಅರ್ಧ, ಎರಡೂ ಸರಿಯಾಗಿವೆ ಎಂದು ನಂಬಿದ ಮನುಷ್ಯ.

ಡಿಸ್ಚಾರ್ಜ್ ಕಾಗದದ ಕೊನೆಯ ಸಾಲಿನಲ್ಲಿ ನಮ್ಮ ಹಿರಿಯ ವೈದ್ಯರು ಒಂದೇ ಒಂದು ಪದ ಬರೆದಿದ್ದರು: ಅನೊಸೊಗ್ನೋಸಿಯಾ. ಪರೀಕ್ಷೆಗೆ ಮುಂಚೆ ಓದಿ, ಪರೀಕ್ಷೆ ಮುಗಿದ ಮೇಲೆ ಮರೆತ ಪದ. ಇಂಗ್ಲಿಷಿನಲ್ಲಿ ಹನ್ನೊಂದು ಅಕ್ಷರ. ಅದರಲ್ಲಿ ಮೂರು ಓ. ನನ್ನ ರಿಜಿಸ್ಟರಿಗೆ ಇಳಿಸಿಕೊಳ್ಳುವಾಗ ನಡುವಿನ ಜಿ ಬಿಟ್ಟಿದ್ದೆ. ಮಾರನೆಯ ದಿನ ರಿಜಿಸ್ಟರ್ ನೋಡಿದ ವೈದ್ಯರು ಕೆಂಪು ಪೆನ್ನಿನಿಂದ ಅದನ್ನು ಸೇರಿಸಿದರು.

“ಸರ್, ಇದು ಹಟಕ್ಕೆ ಇಟ್ಟ ಗ್ರೀಕ್ ಹೆಸರು, ಅಷ್ಟೇ ತಾನೆ?” ಎಂದೆ. “ಹೆಸರಿಟ್ಟ ಮಾತ್ರಕ್ಕೆ ಕಾರಣ ಹೇಳಿದ ಹಾಗಾಗಲ್ಲ. ಚರ್ಚೆಯಲ್ಲಿ ಯಾರಾದ್ರೂ ಹೀಗ್ ಮಾಡಿದ್ರೆ ನಾನು ಬಿಡಲ್ಲ.”

“ನೀನು ಯಾರನ್ನ ತಾನೆ ಬಿಟ್ಟಿದ್ದೀಯಮ್ಮ? ಕೂತ್ಕೋ” ಎಂದರು. ಮೇಜಿನ ಮೇಲಿದ್ದ ಔಷಧದ ಚೀಟಿಯ ಬೆನ್ನಿಗೆ ಪದವನ್ನು ಬರೆದು, ಎರಡು ಕಡೆ ಗೀಟು ಹಾಕಿ ಬಿಡಿಸಿದರು. “‘ಅ’ ಅಂದ್ರೆ ಇಲ್ಲ. ‘ನೋಸೋಸ್’ ಅಂದ್ರೆ ಕಾಯಿಲೆ. ‘ಗ್ನೋಸಿಸ್’ ಅಂದ್ರೆ ಅರಿವು. ಕಾಯಿಲೆ ಇದೆ ಅನ್ನೋ ಅರಿವೇ ಇಲ್ಲದಿರೋದು. ಗೊತ್ತಿದ್ದೂ ಇಲ್ಲ ಅನ್ನೋದು ಹಟ. ಇವರಿಗೆ ಗೊತ್ತೇ ಇಲ್ಲ. ಕೈ ಇಲ್ಲ ಅಂತ ವರದಿ ಒಪ್ಪಿಸಬೇಕಾದ ಜಾಗವೇ ಮಿದುಳಲ್ಲಿ ಕೆಟ್ಟಿದೆ.”

ಕೇಳಿದ್ದನ್ನು ಒಪ್ಪಿಕೊಂಡು ಸುಮ್ಮನಾಗುವ ಸ್ವಭಾವ ನನ್ನದಲ್ಲ. ಮನೆಗೆ ಹೋಗಿ ಹುಡುಕಿದೆ. ಹಳೆಯ ಗ್ರೀಕರಿಗೆ ಈ ಪದವೇ ಗೊತ್ತಿರಲಿಲ್ಲ. ನೂರು ವರ್ಷಕ್ಕೂ ಸ್ವಲ್ಪ ಹಿಂದೆ ಫ್ರಾನ್ಸಿನ ನರವೈದ್ಯರೊಬ್ಬರು ಗ್ರೀಕ್ ತುಂಡುಗಳನ್ನು ಜೋಡಿಸಿ ಕಟ್ಟಿದ್ದು. ‘ಗ್ನೋಸಿಸ್’ ಮತ್ತು ನಮ್ಮ ‘ಜ್ಞಾನ’ ಒಂದೇ ಬೇರಿನ ಮಾತುಗಳು. ಮೊದಲಿನ ‘ಅ’ ಕೂಡ ‘ಅಜ್ಞಾನ’ದ ‘ಅ’ಕಾರದ ದೂರದ ದಾಯಾದಿ. ನಡುವಿನ ‘ನೋಸೋಸ್’ ಎಲ್ಲಿಂದ ಬಂತೆಂದು ಮಾತ್ರ ಪಂಡಿತರಿಗೂ ಗೊತ್ತಿಲ್ಲ. ಕಾಯಿಲೆಯ ಬುಡ ಯಾರಿಗೂ ಸಿಕ್ಕಿಲ್ಲ.

ಹುಟ್ಟು ತಿಳಿಯಿತು. ನಂಬಿಕೆ ಬರಲಿಲ್ಲ. ಹಟಕ್ಕೂ ಅರಿವಿಲ್ಲದಿರುವುದಕ್ಕೂ ವ್ಯತ್ಯಾಸ ತೋರಿಸುವ ಪರೀಕ್ಷೆಯೊಂದಿದೆ. ಎರಡು ಲೋಟ ನೀರಿಟ್ಟ ಅಗಲವಾದ ತಟ್ಟೆಯನ್ನು ಮುಂದಿಟ್ಟು ಎತ್ತಲು ಹೇಳಬೇಕು. ಒಂದು ಕೈ ಬಿದ್ದಿದೆ ಎಂದು ಒಳಗೊಳಗೆ ಗೊತ್ತಿರುವವನು ಬಾಯಲ್ಲಿ ಏನೇ ಹೇಳಲಿ, ಒಳ್ಳೆಯ ಕೈಯನ್ನು ತಟ್ಟೆಯ ನಡುವಿಗೆ ಒಯ್ಯುತ್ತಾನೆ. ಮುಂದಿನ ಭೇಟಿಯಲ್ಲಿ ಅವರ ಮನೆಯ ಊಟದ ತಟ್ಟೆಯನ್ನೇ ಇಟ್ಟೆ. ಮೇಸ್ತ್ರಿ ಬಲಗೈಯಿಂದ ತಟ್ಟೆಯ ಬಲ ಅಂಚನ್ನು ಹಿಡಿದರು, ಎಡ ಅಂಚನ್ನು ಇನ್ನೊಂದು ಕೈ ಹಿಡಿದೇ ಇದೆ ಎನ್ನುವ ಧೈರ್ಯದಿಂದ. ಎತ್ತಿದರು. ನೀರೆಲ್ಲ ಅವರ ಮೈಮೇಲೆ.

“ತಟ್ಟೆ ಸೊಟ್ಟ ಐತೆ” ಎಂದರು.

ಆವತ್ತು ನಾನು ಪದವನ್ನು ನಂಬಿದೆ. ಬುದ್ಧಿಯಿಂದ ನಂಬಿದೆ, ಅಷ್ಟೆ. ನಾಲಿಗೆ ನಂಬಿರಲಿಲ್ಲ.

ಎರಡನೆಯ ವಾರ ಅವರ ಭಾವಮೈದ ಸಿಕ್ಕಿದ. ತಂಡದಲ್ಲಿ ಮೇಸ್ತ್ರಿಯ ನಂತರದವನು. ದಿನಾ ಬಂದು ಜಗುಲಿಯಲ್ಲಿ ಕೂತು, “ಹೂಂ ಭಾವ, ನೀನ್ ಬರ್ದೆ ಅಟ್ಟ ಇಳ್ಸಕ್ಕಾಯ್ತದಾ?” ಎಂದು ಹೇಳಿ ಹೋಗುತ್ತಿದ್ದ. ಅವನಿಗೆ ಅದು ಮರ್ಯಾದೆ. ನನಗೆ ಉರಿಯುತ್ತಿತ್ತು. ನಾನು ಮೂರು ದಿನ ಒತ್ತಿ ಹೇಳಿದ್ದನ್ನು ಅವನ ಒಂದು ಹೂಂ ಅಳಿಸಿಬಿಡುತ್ತಿತ್ತು.

ಅದಕ್ಕೇ ಆ ಶುಕ್ರವಾರ, ಹೆಂಡತಿ ಮತ್ತು ಭಾವಮೈದ ಇಬ್ಬರ ಎದುರಿಗೇ, ಮೊಬೈಲ್ ತೆಗೆದೆ. ಎರಡೂ ಕೈ ಎತ್ತಲು ಹೇಳಿ ವಿಡಿಯೊ ಮಾಡಿದೆ. ಅವರಿಗೇ ತೋರಿಸಿದೆ.

“ನೋಡಿ. ಬಲಗೈ ಮೇಲಿದೆ. ಎಡಗೈ ಎಲ್ಲಿದೆ?”

“ಅದ್ಯಾರದ್ದು?”

“ನಿಮ್ಮದೇ. ಅಂಗಿ ನೋಡಿ. ಉಂಗುರ ನೋಡಿ.”

“ನಿಮ್ ಮೊಬೈಲ್‌ನಾಗೆ ಏನ್ ಬೇಕಾದ್ರೂ ತೋರಿಸ್ತೀರಿ ಬುಡವ್ವ.”

“ಇಲ್ಲಿ ಮೂರು ಜನ ನೋಡ್ತಿದ್ದೀವಿ. ಮೂರು ಜನರ ಕಣ್ಣೂ ಸುಳ್ಳಾ? ಇಲ್ಲ ಅಂದ್ರೆ ಎತ್ತಿ ತೋರಿಸಿ. ಈಗ್ಲೇ.”

ಮಾತು ಮುಗಿಸುವಾಗ ನನ್ನ ದನಿ ವೇದಿಕೆಯ ದನಿಯಾಗಿತ್ತು. ಕೊನೆಯ ವಾಕ್ಯವನ್ನು ಏರಿಸಿ ನಿಲ್ಲಿಸಿ, ಎದುರಾಳಿಗೆ ಒಂದೇ ದಾರಿ ಬಿಡುವ ದನಿ. ಮೇಸ್ತ್ರಿಗೂ ನಾನು ಒಂದೇ ದಾರಿ ಬಿಟ್ಟಿದ್ದೆ.

“ಎತ್ತಾದೇನು, ಎದ್ದೇ ತೋರಿಸ್ತೀನಿ” ಎಂದವರೇ ಎದ್ದರು. ಇಲ್ಲದ ಎಡಗೈಯನ್ನು ಮಂಚಕ್ಕೆ ಊರಿದೆನೆಂದುಕೊಂಡು ಎಡಕ್ಕೆ ಭಾರ ಹಾಕಿದರು. ನಾನು ಹಿಡಿಯುವಷ್ಟರಲ್ಲಿ ಎಡಭುಜದ ಮೇಲೆ ಬಿದ್ದಾಗಿತ್ತು. ಹಣೆ ಮಂಚದ ಕಾಲಿಗೆ ಬಡಿಯಿತು.

ಮೂಳೆ ಮುರಿದಿರಲಿಲ್ಲ. ಹಣೆಗೆ ಮೂರು ಹೊಲಿಗೆ. ಆಟೊದಲ್ಲಿ ತಿಪಟೂರಿಗೆ ಬರುವಾಗ ಅವರ ಹೆಂಡತಿ ಇಡೀ ದಾರಿ ಸೆರಗನ್ನು ಆ ಹಣೆಗೆ ಒತ್ತಿಹಿಡಿದಿದ್ದರು. ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು: “ಗೆದ್ಯೇನವ್ವ?”

ಬಿದ್ದದ್ದು ಮೇಸ್ತ್ರಿಗೆ ನೆನಪಿತ್ತು. ಯಾಕೆ ಬಿದ್ದೆನೆಂಬುದಕ್ಕೆ ಮಾತ್ರ ಅವರದೇ ಉತ್ತರವಿತ್ತು. ನೆಲ ಒದ್ದೆಯಿತ್ತು, ಪಂಚೆ ತೊಡರಿತು, ಡಾಕ್ಟ್ರಮ್ಮ ತಳ್ಳಿದಳು. ದಿನಕ್ಕೆ ನಾಲ್ಕೈದು ಸಲ ಏಳಲು ನೋಡುತ್ತಿದ್ದರು. ಮಧ್ಯಾಹ್ನ ಅವರ ಹೆಂಡತಿ ಗೋಡೆಗೆ ಒರಗಿ ಕಣ್ಣು ಮುಚ್ಚುವಾಗ ಸೆರಗಿನ ತುದಿಯನ್ನು ಗಂಡನ ಉಡಿದಾರಕ್ಕೆ ಗಂಟು ಹಾಕಿಕೊಳ್ಳುತ್ತಿದ್ದರು. ಅವರು ಎದ್ದರೆ ಇವರಿಗೆ ಎಚ್ಚರವಾಗಲಿ ಎಂದು. ಐದು ವಾರ ಅವರು ಒಂದು ಮದುವೆಗೆ, ಒಂದು ಸಾವಿಗೆ, ಅಂಗಡಿಗೆ ಕೂಡ ಹೋಗಲಿಲ್ಲ. ನಾನು ಹೋಗುತ್ತಿದ್ದೆ, ಕೀಲುಗಳನ್ನು ಆಡಿಸುತ್ತಿದ್ದೆ, ಕೈ ಎತ್ತಿ ತೊಡೆಯ ಮೇಲಿಡುವ ಪಾಠ ಹೇಳುತ್ತಿದ್ದೆ. ಮೇಸ್ತ್ರಿ ಒಮ್ಮೆಯೂ ಮಾಡಲಿಲ್ಲ. ಇಲ್ಲದ ಕಾಯಿಲೆಗೆ ಯಾರು ವ್ಯಾಯಾಮ ಮಾಡುತ್ತಾರೆ? ವಾದ ಮಾಡುವಂತಿಲ್ಲ, ಹೂಂ ಎನ್ನುವಂತಿಲ್ಲ. ನನಗೆ ಗೊತ್ತಿದ್ದದ್ದು ಎರಡೇ ದಾರಿ, ಎರಡೂ ಮುಚ್ಚಿದ್ದವು. ಅಟ್ಟ ಇಳಿಸುವ ಸೋಮವಾರ ಹತ್ತಿರವಾಗುತ್ತಲೇ ಇತ್ತು.

ಆ ಸೋಮವಾರ ನಾನು ಹೆದರಿಕೊಂಡೇ ಹೋದೆ. ಓಣಿಯಲ್ಲಿ ಸದ್ದಿರಲಿಲ್ಲ. ಅಟ್ಟದ ಬಾಗಿಲು ಮುಚ್ಚಿತ್ತು. ಭಾವಮೈದ ಜಗುಲಿಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಅವನ ಪಕ್ಕದಲ್ಲಿ ಮಟ್ಟೆ ಸಮೇತ ನಾಲ್ಕು ಒಣಕಾಯಿ.

“ಇವತ್ತು ಅಟ್ಟ ಇಳ್ಸಲ್ವಾ?”

“ಮುಂದಕ್ಕೋಯ್ತು ಕಣಕ್ಕ, ಇನ್ನೆಂಟು ದಿನ. ಕಾಯಿ ಆಗಿಲ್ಲ.”

“ಯಾರು ಹೇಳಿದ್ದು?”

“ಇನ್ಯಾರು? ಭಾವ ಹತ್ತಕ್ಕೋಗ್ಬಾರ್ದು ಅಂತ ನಾನೇ ನಾಲ್ಕ್ ಮೂಲೆ ಕಾಯಿ ಇಲ್ಲಿಗೇ ತಂದೆ. ಭಾವ ನೋಡಿ ಹೇಳ್ತು. ತೋಟದ ಯಜಮಾನ್ರಿಗೂ ಫೋನ್ ಮಾಡ್ದೆ, ಮೇಸ್ತ್ರಿ ಹೇಳಿದ್ಮೇಲೆ ಮುಗೀತು ಬುಡು ಅಂದ್ರು.”

ಸುಮ್ಮನೆ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಕೊಬ್ಬರಿ ಲೊಡಲೊಡ ಎಂದಿತು. ಇನ್ನೊಂದು. ಅದೂ ಹಾಗೇ. ಕೊಬ್ಬರಿಯ ವಿಷಯ ತಿಳಿಯದ ನನಗೂ ಅರ್ಥವಾಗುವ ಸದ್ದು.

“ಇದು ಆಗಿದೆಯಲ್ಲಪ್ಪಾ! ನೀನು ಅಲ್ಲಾಡಿಸಿ ನೋಡಲಿಲ್ವಾ?”

ಅವನು ಬೀಡಿ ಕೆಳಗಿಟ್ಟ. “ಭಾವ ಹೇಳಿದ್ಮೇಲೆ ನಾನ್ಯಾಕೆ ನೋಡ್ಲಿ? ಇಪ್ಪತ್ತೈದು ವರ್ಷದಲ್ಲಿ ಒಂದ್ಸಲಾನೂ ಅವ್ರ್ ಕಿವಿ ತಪ್ಪಿಲ್ಲ.”

“ಕಾಯಿಯನ್ನ ಯಾವ ಕೈಗೆ ಕೊಟ್ಟೆ?”

“ಎಡಗೈಗೆ. ಯಾವಾಗ್ಲೂ ಹಂಗೇ. ಬಲಗೈ ಮಚ್ಚಿಗೆ, ಎಡಗೈ ಕಾಯಿಗೆ.” ಅಷ್ಟು ಹೇಳಿದವನು ತನ್ನ ಎಡಗೈಯನ್ನು ನೋಡಿಕೊಂಡ. “ಅಯ್ಯೋ ಶಿವನೇ. ತೊಡೆ ಮೇಲಿನ ಕೈಗೆ ಕಾಯಿ ಇಟ್ಟೆ. ಭಾವ ಕಣ್ ಮುಚ್ಕಂಡು ಕೇಳ್ಸ್ಕಂತು. ಸದ್ದಿಲ್ಲ, ಎಳೇದು ಅಂತು. ನಾನು ಸರಿ ಅಂದ್ಕಂಡು ಬಂದೆ” ಎಂದ.

ಯಾರೂ ಅಲ್ಲಾಡಿಸದ ಕಾಯಿಯ ಮಾತು ಕೇಳಿ ಎಂಟು ಜನರ ಕೆಲಸ ನಿಂತಿತ್ತು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ನನ್ನ ಮಾತು, ಹೆಂಡತಿಯ ಮಾತು, ಮೊಬೈಲು ಯಾವುದನ್ನೂ ಲೆಕ್ಕಕ್ಕಿಡದ ಆ ಮನುಷ್ಯ ಒಂದು ಸಾಕ್ಷಿಯನ್ನು ಮಾತ್ರ ನಂಬುತ್ತಾರೆ ಎಂಬುದು ಆಗ ಹೊಳೆಯಿತು. ಕಾಯಿಯನ್ನು.

ಕೂಡಲೇ ಒಳಗೆ ಓಡಲಿಲ್ಲ. ಹಣೆಯ ಹೊಲಿಗೆ ಇನ್ನೂ ಕಣ್ಣ ಮುಂದಿತ್ತು. ಒಂದೇ ಕಾಯಿಯನ್ನು ಎರಡೂ ಕೈಗೆ ಕೊಟ್ಟು ನೋಡಲೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: “ಮಾಡಬಹುದು. ಕೆಲಸ ಮಾಡದೇ ಇರಬಹುದು, ಮಾಡಿದರೂ ನಾಳೆ ಮರೆತುಹೋಗಬಹುದು. ಆದರೆ ಒಂದು ತಿಳ್ಕೋ. ಕೈ ಹೋಗಿ ನಮಗೆ ಐದು ವಾರ ಆಯ್ತು, ಅವರ ಪಾಲಿಗೆ ಅದಿನ್ನೂ ಹೋಗೇ ಇಲ್ಲ. ಗೊತ್ತಾದ ಕ್ಷಣ ಹೋಗುತ್ತೆ. ಆಗ ಪಕ್ಕದಲ್ಲಿರು. ಒಂದು ಮಾತೂ ಆಡಬೇಡ.”

ಮಾತು ಆಡಬೇಡ ಎಂದು ನನಗೆ ಹೇಳುವುದು ಎಂಥ ಶಿಕ್ಷೆ ಎಂದು ಅವರಿಗೆ ಗೊತ್ತಿತ್ತು. ನಾನು ಮೇಸ್ತ್ರಿಯ ಹೆಂಡತಿಯನ್ನೂ ಕೇಳಿದೆ. ಗೊತ್ತಾದರೆ ಅವರು ಕುಸಿಯಬಹುದು, ಗೊತ್ತಾಗದಿದ್ದರೆ ಒಂದು ದಿನ ಏಣಿ ಹತ್ತುತ್ತಾರೆ ಎಂದೆ. ಅವರು ಅಟ್ಟದ ಕಡೆ ನೋಡಿ, “ಕೊಡವ್ವ” ಎಂದರು.

ಮೇಸ್ತ್ರಿಯನ್ನು ಕುರ್ಚಿಯಲ್ಲಿ ಕೂರಿಸಿದೆ. ಎಡಗೈಯನ್ನು ತೊಡೆಯ ಮೇಲಿಟ್ಟು, ಅಂಗೈಯಲ್ಲಿ ಕಾಯಿ ಇಟ್ಟು, ಬೆರಳುಗಳನ್ನು ಅದರ ಸುತ್ತ ಮಡಿಸಿದೆ.

“ಈ ಕಾಯಿ ಆಗಿದೆಯಾ ನೋಡಿ.”

ಅವರು ಕಣ್ಣು ಮುಚ್ಚಿದರು. ತಲೆಯನ್ನು ಎಡಕ್ಕೆ ವಾಲಿಸಿದರು. ಕೈ ಅಲ್ಲಾಡಲಿಲ್ಲ. “ಇಲ್ಲ. ಎಂಟು ದಿನ ಬೇಕು.”

ಅದೇ ಕಾಯಿಯನ್ನು ಅವರ ಕಣ್ಣೆದುರೇ ಎತ್ತಿ ಬಲಗೈಗೆ ಕೊಟ್ಟೆ. ಅವರು ಅದನ್ನು ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿದರು. ಲೊಡಲೊಡ.

ಹುಬ್ಬು ಗಂಟಿಕ್ಕಿತು. ಮತ್ತೆ ಅಲ್ಲಾಡಿಸಿದರು. “ಬ್ಯಾರೆ ಕಾಯಿ ಕೊಟ್ಟೆ ನೀನು.”

ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಹಲ್ಲು ಕಚ್ಚಿ ನುಂಗಿದೆ. ಅವರೇ ಕಾಯಿಯ ತೊಟ್ಟಿನ ಪಕ್ಕ ಉಗುರಿನಿಂದ ಒಂದು ಗೀರು ಹಾಕಿದರು. ತಾವೇ ಅದನ್ನು ಎಡ ಅಂಗೈಗೆ ಒಯ್ದಿಟ್ಟರು. ಕಣ್ಣು ಮುಚ್ಚಿ ಕೇಳಿದರು. ತೆಗೆದು, ಬಲಗೈಯಲ್ಲಿ ಅಲ್ಲಾಡಿಸಿದರು. ಮತ್ತೆ ಎಡ. ಮತ್ತೆ ಬಲ. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ಅವರ ಹೆಂಡತಿ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದರು. ಕೊನೆಗೊಮ್ಮೆ ಮೇಸ್ತ್ರಿ ಎಡಗೈಗೆ ಕಾಯಿ ಇಟ್ಟು ಕಣ್ಣು ಮುಚ್ಚಲಿಲ್ಲ. ತೆರೆದ ಕಣ್ಣಿಂದಲೇ ಆ ಕೈಯನ್ನು ನೋಡಿದರು, ಮೊದಲ ಸಲ.

“ಕಾಯಿ ಆಗೈತೆ” ಎಂದರು. ಆ ಕೈಯನ್ನೇ ನೋಡುತ್ತ, “ಇದು ಆಡ್ತಿಲ್ಲ” ಎಂದರು.

ಕಾಯಿ ಉರುಳಿ ನೆಲಕ್ಕೆ ಬಿತ್ತು. ಆ ದೊಡ್ಡ ಮನುಷ್ಯ ಬಾಯಿ ತೆರೆದು ಅತ್ತ ಅಳುವನ್ನು ನಾನು ಬರೆಯಲಾರೆ. ಪಕ್ಕದಲ್ಲಿ ಕೂತಿದ್ದೆ. ಮಾತಾಡಲಿಲ್ಲ.

ಹೊರಡುವಾಗ ಅವರ ಹೆಂಡತಿ ಸ್ಕೂಟರಿನವರೆಗೆ ಬಂದರು. ಬೈಯಲಿಲ್ಲ. “ಇಷ್ಟ್ ದಿನ ಕಾಯಿಲೆ ನನಗೊಬ್ಳಿಗೇ ಇತ್ತು. ಇವತ್ತು ಅವರಿಗೂ ಕೊಟ್ಟೆ ನೀನು” ಎಂದರು.

ಎರಡು ದಿನ ಮೇಸ್ತ್ರಿ ಗೋಡೆಗೆ ಮುಖ ಮಾಡಿ ಮಲಗಿದರು, ಮುದ್ದೆ ಮುಟ್ಟಲಿಲ್ಲ. ಮೂರನೆಯ ದಿನ ಎದ್ದು, ಕೈ ಸರಿಯಾಗಿದೆ, ಏಣಿ ತನ್ನಿ ಎಂದರು. ವೈದ್ಯರು ಹೇಳಿದ್ದಂತೆ ಮರೆತುಹೋಗಿತ್ತು. ಭಾವಮೈದ ಫೋನಿನಲ್ಲಿ ಅಳುವ ದನಿಯಲ್ಲಿ, “ಈಗೇನ್ ಮಾಡದು ಕಣಕ್ಕ?” ಎಂದ. ನನಗೂ ಅಳು ಬಂತು. “ಹೂಂ ಅನ್ಬೇಡ. ಇಲ್ಲ ಅಂತಲೂ ಅನ್ಬೇಡ. ಕಾಯಿ ಕೊಡು” ಎಂದೆ. ಕೊಟ್ಟ. ಮತ್ತೆ ಅದೇ ಎಡ, ಬಲ, ಎಡ. ಮತ್ತೆ ಅದೇ ಅಳು. ಒಂದೇ ಸಾವಿನ ಸುದ್ದಿಯನ್ನು ಒಬ್ಬರಿಗೇ ದಿನವೂ ಹೊಸದಾಗಿ ಮುಟ್ಟಿಸಿದ ಹಾಗೆ. ಬುಧವಾರದಿಂದ ಭಾನುವಾರದವರೆಗೆ ಐದು ಸಲ. ನಿಲ್ಲಿಸಿಬಿಡೋಣ ಎಂದು ನಾನೇ ಎರಡು ಸಲ ಹೇಳಿದೆ. ನಿಲ್ಲಿಸಬೇಡ ಎಂದವರು ಅವರ ಹೆಂಡತಿ.

ತೋಟದ ಯಜಮಾನರಿಗೆ ಹೇಳಿ ಮುಂದಕ್ಕೆ ಹಾಕಿದ್ದ ಸೋಮವಾರ ಬಂತು. ಅಟ್ಟದ ಕೆಳಗೆ ಏಳು ಜನ ಮಚ್ಚು ಹಿಡಿದು ನಿಂತಿದ್ದರು. ಮೇಸ್ತ್ರಿಯನ್ನು ಭಾವಮೈದ ಒಂದು ಕಡೆ, ನಾನು ಒಂದು ಕಡೆ ಹಿಡಿದು ನಡೆಸಿಕೊಂಡು ಹೋದೆವು. ನೂರು ಹೆಜ್ಜೆಗೆ ಇಪ್ಪತ್ತು ನಿಮಿಷ ಹಿಡಿಯಿತು. ಏಣಿಯ ಮುಂದೆ ಹಾಕಿದ್ದ ಕುರ್ಚಿಯಲ್ಲಿ ಕೂರಿಸಿದೆವು. ಅವರು ಏಣಿಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಆವತ್ತು ಬೆಳಿಗ್ಗೆ ಅವರಿಗೆ ನೆನಪಿದೆಯೋ ಮರೆತಿದೆಯೋ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ಹೆಂಡತಿ ಹಿಂದೆ ನಿಂತು ಕುರ್ಚಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಮೇಸ್ತ್ರಿಯ ಎಡಗೈ ಕುರ್ಚಿಯಿಂದ ಜಾರಿ ಜೋತುಬಿದ್ದಿತ್ತು. ಎತ್ತಿಡಲು ಹೆಂಡತಿ ಬಗ್ಗಿದರು. ನಾನು ಬೇಡವೆಂದು ಕಣ್ಣಲ್ಲೇ ತಡೆದೆ.

ಮೇಸ್ತ್ರಿ ಮುಂದಕ್ಕೆ ಬಾಗಿದರು. ಎದ್ದೇಬಿಟ್ಟರು ಎಂದು ಹಿಡಿಯಲು ಕೈ ಚಾಚಿದೆ. ಏಳಲಿಲ್ಲ. ಬಲಗೈ ಚಾಚಿ, ಎಡಗೈಯ ಮಣಿಕಟ್ಟು ಹಿಡಿದು, ಎತ್ತಿ, ತೊಡೆಯ ಮೇಲಿಟ್ಟುಕೊಂಡರು. ಒಂದು ಗಳಿಗೆ ಅದರ ಮೇಲೆ ಬಲಗೈಯನ್ನು ಹಾಗೇ ಇಟ್ಟುಕೊಂಡಿದ್ದರು.

“ನೀನೇ ಹತ್ತಲಾ” ಎಂದರು ಭಾವಮೈದನಿಗೆ, ಬಲಗೈ ಎತ್ತಿ ತೋರಿಸಿ. “ನಾಲ್ಕ್ ಮೂಲೆದೂ ತಾ. ಈ ಕೈಗೆ ಕೊಡು.”